ಬ್ರೂನೊನ ದುಃಖಕ್ಕೆ ಗೌರಮ್ಮ ಅತ್ತದ್ದು

"ನಾ ಸತ್ರ ನೀ ಹಾಡ್ಯಾಡಿ ಅಳಬೇಕು. ಮುಗಿಯೂತನಕ ಬಾಯಿ ಮುಚ್ಚಬಾರದು. ಮಾತು ಕೊಡು," ಎಂದು ಹೊನ್ನಪ್ಪ ಕೇಳಿದ್ದು ಮದುವೆಯಾದ ಹೊಸತರಲ್ಲಿ.

ಇಂಡಿ ಸೀಮೆಯ ಅವರ ಊರಿನಲ್ಲಿ ಗೌಡ ಸತ್ತಾಗ ಗೌರಮ್ಮ ಹೆಣದ ಮುಂದೆ ಕುಳಿತು, ಅವನು ಯಾರ ಹೊಲ ನುಂಗಿದ್ದ, ಯಾರ ಬೆನ್ನ ಮೇಲೆ ಬಾರುಕೋಲು ಆಡಿಸಿದ್ದ ಎಂಬುದನ್ನೆಲ್ಲ ರಾಗ ಎಳೆದು ಹಾಡಿ ಅತ್ತಿದ್ದಳು. ಅವರ ಕಡೆಯ ಕಟ್ಟಳೆಯೇ ಹಾಗೆ. ಹೆಣದ ಮುಂದೆ ಅಳುವವಳು ಸುಳ್ಳು ಹೇಳಬಾರದು. ಅವಳನ್ನು ಯಾರೂ ತಡೆಯಬಾರದು. ಗಂಟಲು ಆರಿದರೆ ನೀರು ಕೊಡಬೇಕು. ಗೌಡರ ಮನೆಯವರು ಹಲ್ಲು ಕಡಿಯುತ್ತಲೇ ಕೊಟ್ಟಿದ್ದರು. ಆ ಅಳು ಕೇಳಿಯೇ ಹೊನ್ನಪ್ಪ ಹೆಣ್ಣು ಕೇಳಲು ಬಂದದ್ದು.

"ಕೊಟ್ಟೀನಿ ತಗೋ," ಎಂದಿದ್ದಳು ಗೌರಮ್ಮ. "ಆದ್ರ ಸುಗ್ಗ್ಯಾಗ ಸಾಯಬ್ಯಾಡ. ಪುರಸೊತ್ತು ಇರೂದಿಲ್ಲ."

ಅವನು ಸುಗ್ಗಿಯಲ್ಲಿ ಸಾಯಲಿಲ್ಲ. ನಾಗಪುರಕ್ಕೆ ದುಡಿಯಲು ಬಂದು, ಮೇ ತಿಂಗಳ ಬಿಸಿಲಿನಲ್ಲಿ, ಇತವಾರಿಯ ಕಾಳಿನ ಪೇಟೆಯಲ್ಲಿ, ತೊಗರಿ ಚೀಲ ಹೇರಿದ ಕೈಗಾಡಿ ಎಳೆಯುತ್ತಲೇ ಕುಸಿದು ಸತ್ತ. ದಾರಿಗೆ ಅಡ್ಡವಾಯಿತೆಂದು ಸೇಟು ಮೊದಲು ಗಾಡಿಯನ್ನು ಸರಿಸಿದ, ಆಮೇಲೆ ಹೊನ್ನಪ್ಪನನ್ನು. ಆ ವಾರ ಸ್ಮಶಾನದಲ್ಲಿ ಹೆಣಗಳ ಸಾಲು ಹತ್ತಿತ್ತು. ಹೆಣದ ಗಾಡಿಯ ಡ್ರೈವರ್ "ಜಲ್ದಿ ಬಾಯಿ, ಜಲ್ದಿ" ಎಂದು ಹಾರ್ನು ಒತ್ತುತ್ತಲೇ ಇದ್ದ. ಗೌರಮ್ಮ ಸೆರಗು ಸರಿಮಾಡಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಹೊನ್ನಪ್ಪ ಬೂದಿಯಾಗಿದ್ದ.

ಮರುದಿನ ಸದರ್ ಬಡಾವಣೆಯಿಂದ ಲೀಲಾಬಾಯಿಯ ಫೋನು ಬಂತು. ಲೀಲಾಬಾಯಿ ಮತ್ತು ಅವರ ಯಜಮಾನರು, ಬ್ಯಾಂಕಿನಿಂದ ನಿವೃತ್ತರಾದ ವ್ಯಾಸರಾಜರು, ಧಾರವಾಡದ ಕಡೆಯವರು. ಅವರ ಮನೆಯ ಪಾತ್ರೆ, ಬಟ್ಟೆ ಗೌರಮ್ಮನ ಪಾಲು.

"ಹೋದಾಂವ ಹೋದಾ ಗೌರಮ್ಮಾ. ಇಲ್ಲೆ ಪಾತ್ರಿ ಹಂಗ ಬಿದ್ದಾವ. ಬಂದು ಕೆಲಸ ಮಾಡಿದ್ರ ನಿನಗೂ ಮನಸ್ಸು ಹಗುರಾಗ್ತದ."

ಬಂದಳು. ತಿಕ್ಕುತ್ತಾ ಒಮ್ಮೆ ಮೂಗು ಎಳೆದದ್ದಷ್ಟೆ.

"ಇಲ್ಲೆ ಅಳಬ್ಯಾಡ ನೋಡವಾ. ದೀಪ ಹಚ್ಚೂ ಹೊತ್ತು, ಮನಿಗೆ ಛಲೋ ಅಲ್ಲ."

"ಅಳವಲ್ಲೆರಿ. ಉಳ್ಳಾಗಡ್ಡಿ ಝಳ."

"ನಾವು ಉಳ್ಳಾಗಡ್ಡಿ ತಿನ್ನೂದ ಇಲ್ಲಲ್ಲಾ."

"ಹಂಗಾದ್ರ ಸಬಕಾರ ಇರಬೇಕ್ರಿ."

ಅಂದಿನಿಂದ ಆ ಅಳು ಗೌರಮ್ಮನ ಗಂಟಲಲ್ಲೇ ಅಡ್ಡ ಕುಳಿತಿತು. ರೊಟ್ಟಿ ಇಳಿಯುತ್ತಿರಲಿಲ್ಲ. ಹೊನ್ನಪ್ಪ ಕನಸಿನಲ್ಲಿ ಬಂದು, ಬೀಡಿ ಹಚ್ಚಿ, "ಯಾವಾಗ ಸುರು ಮಾಡ್ತಿ? ನಾ ಕಾಯಾಕತ್ತೀನಿ," ಎಂದು ಪೀಡಿಸುತ್ತಿದ್ದ. ಅವಳಿದ್ದ ಚಾಳಿನಲ್ಲಿ ಒಂದೇ ಗೋಡೆಗೆ ಎರಡು ಸಂಸಾರ. ಕೆಮ್ಮಿದರೂ ಆ ಕಡೆಯವರು ಬೈಯುತ್ತಿದ್ದರು. ಅಳಲು ಜಾಗ ಎಲ್ಲಿದೆ?

ಮಳೆಗಾಲದಲ್ಲಿ ಲೀಲಾಬಾಯಿಯ ನಾಯಿ ಬ್ರೂನೊ ಸತ್ತಿತು. ಅದಕ್ಕೆ ಸ್ವಂತದ ಕೂಲರ್ ಇತ್ತು. ಅದರ ತಟ್ಟೆ ಮನೆಮಂದಿಯ ತಟ್ಟೆಗಳ ಜೊತೆಗೇ ಇರುತ್ತಿತ್ತು. ಗೌರಮ್ಮನ ಚಹಾದ ಕಪ್ಪು ಮಾತ್ರ ಬಚ್ಚಲ ಕಿಟಕಿಯ ಹೊರಗೆ. ಅದು ಸತ್ತ ದಿನ ಮನೆಯಲ್ಲಿ ಒಲೆ ಹೊತ್ತಲಿಲ್ಲ, ಹೋಟೆಲಿನಿಂದ ಇಡ್ಲಿ ಬಂತು. ಭಾನುವಾರ ಫೋಟೊಕ್ಕೆ ಹಾರ ಹಾಕಿ, ಮುಂದೆ ಬಿಸ್ಕೀಟು ಇಟ್ಟು, ಓಣಿಯವರನ್ನು ಕರೆದರು. ಪಕ್ಕದ ಮನೆಯ ಮರಾಠಿ ಹೆಂಗಸು ಚಾರುಲತಾ ಎಲ್ಲರಿಗಿಂತ ಮೊದಲು ಬಂದು ಕಣ್ಣೊರೆಸಿಕೊಂಡು ಕುಳಿತರು. ಆದರೆ ಯಾರ ಬಾಯಿಂದಲೂ ದನಿ ಹೊರಡಲಿಲ್ಲ.

ಲೀಲಾಬಾಯಿ ಅಡಿಗೆಮನೆಗೆ ಬಂದರು. "ಗೌರಮ್ಮಾ, ನಿಮ್ಮಂದಿ ಹಾಡ್ಯಾಡಿ ಅಳತೀರಲ್ಲಾ, ಹಂಗ ಒಂದೀಟು ಅಳು. ನನಗ ಎದೀ ಒಡೀಲಿಕ್ಕತ್ತದ, ಬಾಯಿಗೆ ಬರವಲ್ತು."

"ನಾಯಿಗೇನ್ರಿ?"

"ನಾಯಿ ಅನಬ್ಯಾಡ. ಬ್ರೂನೊ ಅನ್ನು."

"ಒಮ್ಮಿ ಸುರು ಆತಂದ್ರ ಮುಗಿಯೂತನಕ ನಿಲ್ಲೂದಿಲ್ರಿ ಬಾಯಾರ."

"ಆಗ್ಲಿ, ಛಂದಾಗಿ ಅಳು. ಜಮಖಾನಿ ಬಿಟ್ಟು ಕೂಡು."

ಗೌರಮ್ಮ ಬರಿ ನೆಲದ ಮೇಲೆ ಕುಳಿತು ಫೋಟೊ ನೋಡಿದಳು. ನಾಯಿ ನಾಲಗೆ ಚಾಚಿ ನಗುತ್ತಿತ್ತು. ಕಟ್ಟಳೆಯಂತೆ ಸತ್ಯವನ್ನೇ ಹಿಡಿದಳು.

"ಬ್ರೂನೊಪ್ಪಾ... ಉಂಡು ಸತ್ತೆಲ್ಲೋ, ತಂಪಿನ್ಯಾಗ ಮಕ್ಕೊಂಡು ಸತ್ತೆಲ್ಲೋ, ನಿಂದು ಇಷ್ಟಽ ಐತೋ..."

ಬ್ರೂನೊನದು ಮುಗಿಯಿತು. ಗೌರಮ್ಮ ಎದೆಗೆ ಕೈ ಬಡಿದು ಉಸಿರೆಳೆದಳು.

"ಹೊನ್ನಪ್ಪಾ... ನನ್ನ ಹೊನ್ನಪ್ಪಾ..."

ಚಾರುಲತಾ ಬೆಚ್ಚಿ, "ಹೊನ್ನಪ್ಪಾ ಕೋಣ?" ಎಂದರು, ಯಾರವನು ಎಂಬಂತೆ.

"ಗಂಡ," ಎಂದರು ವ್ಯಾಸರಾಜರು, ಮರಾಠಿಯಲ್ಲಿ.

"ಬ್ರೂನೊಗೆ ಗಂಡನೆ?"

"ಅವಳ ಗಂಡ." ಯಾರು ಏನು ಕೇಳಿದರೂ ಪೂರ್ತಿ ವಿವರ ಕೊಡುವುದು ಬ್ಯಾಂಕಿನಲ್ಲಿ ಅವರಿಗೆ ಬಿದ್ದ ಚಟ. ಅವಳ ಒಂದೊಂದು ಸಾಲನ್ನೂ ಮರಾಠಿಗೆ ಇಳಿಸತೊಡಗಿದರು.

"ಬಿಸಿಲಾಗ ಬಂಡಿ ಎಳದ್ಯಲ್ಲೋ, ಸೇಟು ನೆರಳಾಗ ಕುಂತು ಪಾನ್ ಉಗುಳಿದಾ, ಆ ಭಾಡ್ಯಾ ಒಂದು ಗುಟುಕು ನೀರು ಕೊಡಲಿಲ್ಲೋ... ನಿನ್ನ ಬೂದಿ ಆರಿರಲಿಲ್ಲೋ, ಈ ಬಾಯಾರು ಫೋನ್ ಮಾಡಿ ಪಾತ್ರಿ ತಿಕ್ಕಸಿದ್ರೋ..."

"ರೀ, ಅದನ್ನ ಹೇಳಬ್ಯಾಡ್ರಿ," ಎಂದರು ಲೀಲಾಬಾಯಿ. ವ್ಯಾಸರಾಜರು ಆಗಲೇ ಹೇಳಿಯಾಗಿತ್ತು. ಚಾರುಲತಾ ಕರವಸ್ತ್ರ ಮಡಚಿ ಲೀಲಾಬಾಯಿಯನ್ನೇ ನೋಡುತ್ತಿದ್ದರು.

"ಸಾಕು ಮಾಡು ಗೌರಮ್ಮಾ." ಲೀಲಾಬಾಯಿ ಓಡಿಹೋಗಿ ಕೈಗೆ ಸಿಕ್ಕ ಲೋಟದಲ್ಲಿ ನೀರು ತಂದು ಅವಳ ಬಾಯಿಗೆ ಹಿಡಿದರು. ಅದು ವ್ಯಾಸರಾಜರ ಬೆಳ್ಳಿಯ ಲೋಟ. ಗೌರಮ್ಮ ಕಚ್ಚಿ ಕುಡಿದಳು, ಗಂಟಲು ಹಸಿಯಾಯಿತು, ಮತ್ತೆ ರಾಗ ಹಿಡಿದಳು.

"ಗೊರಕಿ ಹೊಡದು ಚಾಳ ಎಬ್ಬಸ್ತಿದ್ಯೋ, ಸೂಳೀಮಗನ... ಕುಡದು ಬಂದು ನನ್ನ ಕಾಲು ಒತ್ತತಿದ್ಯೋ... ನಿನಗ ಬೀಸಾಕ ಒಂದು ಮೊರಾನೂ ಇರಲಿಲ್ಲೋ, ಇಲ್ಲೆ ನಾಯಿಗೆ ಕೂಲರ ಇತ್ತೋ..."

ದನಿ ಗೇಟು ದಾಟಿತು. ಆಟೋದವರು ಗಾಡಿ ನಿಲ್ಲಿಸಿ ಕೇಳಿದರು. ಜಮಖಾನದ ಮೇಲಿದ್ದವರು ಒಬ್ಬೊಬ್ಬರಾಗಿ ಎದ್ದು ಚಪ್ಪಲಿ ಹುಡುಕಿದರು. ಹೇಳುವುದೆಲ್ಲ ತೀರಿದ ಮೇಲೆ ಗೌರಮ್ಮ ತಾನಾಗಿ ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು.

"ನಾಳಿಂದ ಬರಬ್ಯಾಡ," ಎಂದರು ಲೀಲಾಬಾಯಿ.

"ನಾಳಿ ಎಲ್ಲಿಂದ ಬರ್ಲೆರಿ? ಅಳೂದು ಇವತ್ತ ಮುಗೀತು, ಇನ್ನ ಅವನ ದಿನಕರ್ಮ ಮಾಡೂದು ಉಳದೈತಿ."

ಹೊನ್ನಪ್ಪನಿಗೆ ಕೊಟ್ಟಿದ್ದ ಮಾತನ್ನು ಗೌರಮ್ಮ ನಡೆಸಿದಳು.