ಚೀಲಕ್ಕೆ ಕಿವಿ ಮೂಡಿಸಿದ ದಬ್ಬಳ

ನಾನು ಒಂದು ದಬ್ಬಳ. ಗೋಣಿಚೀಲ ಹೊಲಿಯುವ ದಪ್ಪ ಸೂಜಿ. ಉದ್ದ ಒಂದು ಗೇಣು, ಹೆಸರು ಮಾತ್ರ ಮೂರು ಜಿಲ್ಲೆಯಷ್ಟು! ಹಳೆಯ ಸೈಕಲ್ಲಿನ ಕಡ್ಡಿಯೊಂದನ್ನು ಕಾಯಿಸಿ ಬಡಿದು ಕಮ್ಮಾರ ಮೌನೇಶಪ್ಪ ನನ್ನನ್ನು ಮಾಡಿದ. ಅಂದು ಹಾರಿದ ಕಿಡಿಗೆ ನಾಚಿ ಸೂರ್ಯ ಮೋಡದ ಮರೆಗೆ ಸರಿದ. ಸುಳ್ಳಾದರೆ ನನಗಿರುವ ಒಂದೇ ಕಣ್ಣೂ ಹೋಗಲಿ!

ಮೊದಲು ಒಬ್ಬ ಹಮಾಲನ ಕೈ ಸೇರಿದೆ. ಅವನು ನನ್ನಿಂದ ಬೆನ್ನು ಕೆರೆದುಕೊಳ್ಳುತ್ತಿದ್ದ. ನನ್ನಂಥ ಶೂರನಿಗೆ ಅಂಥ ಗತಿ! ಅವನು ಎಸೆದುಹೋದ ಮೇಲೆ ನನ್ನನ್ನು ಎತ್ತಿಕೊಂಡವಳು ಕಳಕವ್ವ, ಜೋಳದ ಪೇಟೆಯಲ್ಲಿ ಚೀಲ ಹೊಲಿಯುವಾಕೆ.

ಆ ಪೇಟೆಯಲ್ಲಿ ನನ್ನ ವೈರಿಯೆಂದರೆ ಕೊಕ್ಕೆ. ಹಮಾಲರು ಅದನ್ನು ಚೀಲಕ್ಕೆ ಚುಚ್ಚಿ ಎಳೆದರೆ ತೂತು, ತೂತಿನಿಂದ ಜೋಳ. ಕಣದಿಂದ ತುಂಬಿಕೊಂಡು ಬಂದ ಚೀಲ ಗೋದಾಮು ಮುಟ್ಟುವಷ್ಟರಲ್ಲಿ ಸೊರಗಿರುತ್ತಿತ್ತು. ಲಾರಿಯ ಹಿಂದೆ ಉದುರಿದ್ದನ್ನು ತಿಂದು ತಿಂದು ಗುಬ್ಬಿಗಳು ಹಾರಲಾರದೆ ನಡೆದುಕೊಂಡೇ ಗೂಡು ಸೇರುತ್ತಿದ್ದವು.

ಒಂದು ದಿನ ಸಾವುಕಾರ ವಿರುಪಣ್ಣ ಸಿಡುಕಿದ: “ಈ ಸಲಾನೂ ತೂಕ ಕಡಿಮಿ ಬಂತಂದ್ರ ಹೊಲಿಗಿ ಮಷೀನ್ ತರಸ್ತೀನಿ, ಕಳಕವ್ವ. ನೀ ಮನೀಗೆ ನಡಿ.”

“ತೂತು ಬೀಳೂದು ಕೊಕ್ಕಿಯಿಂದ್ರೀ ಯಪ್ಪಾ, ನನ್ನ ಹೊಲಿಗಿಯಿಂದಲ್ಲ,” ಎಂದಳು ಕಳಕವ್ವ. ಯಾರು ಕೇಳಬೇಕು? ಆಕೆ ಚೀಲದ ನಾಲ್ಕೂ ಮೂಲೆಗಳನ್ನು ಹಿಂಡಿ, ಸುತಳಿ ಸುತ್ತಿ, ನನ್ನಿಂದ ಬಿಗಿದು ಹೊಲಿದಳು. ಹಿಡಿಯಲು ನಾಲ್ಕು ಕಿವಿಗಳಾದವು.

ಹಮಾಲ ದಾವಲಸಾಬ ನಕ್ಕ: “ಚೀಲಕ್ಕ ಕಿವಿ! ಝುಮಕಿ ಯಾವಾಗ ಹಾಕ್ತೀಬೇ ಯಕ್ಕಾ?”

“ನಿನಗ ಹಾಕ್ತೀನಿ, ತಾ ಕಿವಿ! ಮೊದಲ ಆ ಕೊಕ್ಕಿ ಕೆಳಗಿಟ್ಟು ಎತ್ತಿ ನೋಡು.”

ಅವನೂ ಜೊತೆಗಾರನೂ ಕಿವಿ ಹಿಡಿದು ಎತ್ತಿದರು. ಚೀಲ ಎದ್ದಿತು, ನಗು ನಿಂತಿತು.

ಎಂಬತ್ತು ಚೀಲ, ಮುನ್ನೂರ ಇಪ್ಪತ್ತು ಕಿವಿ! ಬ್ರಹ್ಮನೂ ಒಂದೇ ದಿನದಲ್ಲಿ ಅಷ್ಟು ಕಿವಿ ಮಾಡಿದ್ದಿಲ್ಲ. ಕಳಕವ್ವನ ಬೆರಳು ಬಾತಿದ್ದವು, ನಿಜ. ಆದರೆ ಕಷ್ಟಪಟ್ಟವನು ನಾನು.

ಅವಸರದಲ್ಲಿ ಆಕೆ ಕೊನೆಯ ಚೀಲದ ಕಿವಿಯಲ್ಲೇ ನನ್ನನ್ನು ಮರೆತಳು. ಲಾರಿ ಹೊರಟಿತು. ದಂಡನಾಯಕನಂತೆ ಎಲ್ಲರ ಮೇಲೆ ಕೂತು ಹೊಸಪೇಟೆ ಮುಟ್ಟಿದೆ. ಅಲ್ಲಿ ಗೋದಾಮಿನ ಹಮಾಲನೊಬ್ಬ ಕಿವಿಗೆ ಕೈ ಹಾಕಿದವನೇ, “ಅಯ್ಯಯ್ಯಪ್ಪಾ, ಚೀಲ ಕಡೀತಲೇ!” ಎಂದು ಕುಣಿದ. ಚೀಲಗಳನ್ನು ತೂಗಿದರು. ನಂಬದೆ ಮತ್ತೊಮ್ಮೆ ತೂಗಿದರು. ಹೊರಟಾಗಿನ ತೂಕವೇ!

ಮೂರನೆಯ ದಿನ ಡ್ರೈವರ್ ನನ್ನನ್ನು ಟೋಪಿಗೆ ಸಿಕ್ಕಿಸಿಕೊಂಡು ಮರಳಿದ. ಕಳಕವ್ವ ಪೇಟೆಯ ಕಟ್ಟೆಯ ಮೇಲೆ ಬರಿಗೈಯಲ್ಲಿ ಕೂತಿದ್ದಳು.

“ನಿನ್ನ ದಬ್ಬಳ ತಗೋ ಯವ್ವಾ, ಊರು ತಿರುಗಿ ಬಂದೈತಿ. ಒಂದ್ ಹಿಡಿ ಕಾಳೂ ಹೋಗಿಲ್ಲ.”

ಆಕೆ ಸೆರಗಿನಿಂದ ನನ್ನನ್ನು ಒರೆಸಿದಳು, ಎರಡು ಸಲ.

ವಿರುಪಣ್ಣ ಮಷೀನಿನ ಮಾತೆತ್ತದೆ, “ನಾಳೆ ನೂರು ಚೀಲ ಅದಾವು. ಎಲ್ಲಾಕೂ ಕಿವಿ ಇರ್ಲಿ,” ಎಂದ. ದಾವಲಸಾಬ ಕೊಕ್ಕೆಯನ್ನು ಗೋಡೆಗೆ ಹಾಕಿ, ಅದಕ್ಕೆ ತನ್ನ ಬುತ್ತಿಗಂಟು ತೂಗುಬಿಟ್ಟ.

ಈಗ ನನ್ನ ಮೊನೆ ಮೊಂಡಾಗಿದೆ. ಕಳಕವ್ವನ ಕೈಯಲ್ಲಿ ಹೊಸ ದಬ್ಬಳವಿದೆ. ನಾನು ಅವಳ ಮನೆಯ ಬಾಗಿಲ ಚೌಕಟ್ಟಿನಲ್ಲಿ ವಿರಾಜಮಾನನಾಗಿದ್ದೇನೆ. ಕಾಳು ಬೆಳೆಯುವುದು ನೆಲದ ಕೆಲಸ. ಉಳಿಸುವುದು ನನ್ನದು, ಮತ್ತು, ಹೋಗಲಿ, ಕಳಕವ್ವನದು. ಎದುರಿನ ತಂತಿಯ ಮೇಲೆ ಕೂತು ಗುಬ್ಬಿಗಳು ದಿನವಿಡೀ ನನ್ನನ್ನು ಬೈಯುತ್ತವೆ. ಕೃತಘ್ನರು! ಮೈ ಇಳಿದು ಮತ್ತೆ ಹಾರಲು ಬಂದದ್ದು ಯಾರಿಂದ?