ಫೋರ್ಕಿನ ಬಲಗಾಲು

ಹಲ್ಲಕ್ಕ ಬಿದ್ದದ್ದು ವಯಸ್ಸಾದದ್ದರಿಂದ ಎಂದು ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿಯಾಗಿತ್ತು. ಅವಳನ್ನು ಕೇಳುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಅವಳಿಗೆ ನಲವತ್ತಾರು. ದಂತವೈದ್ಯರಿಗೆ ಕೃತಕ ಹಲ್ಲಿನ ಸೆಟ್ಟು ಮಾಡಿಕೊಡುವುದು ಕಸುಬು. ಹಲ್ಲಕ್ಕ ಎಂಬ ಅಡ್ಡಹೆಸರು ತಮ್ಮನ ಸೈಕಲ್ ಅಂಗಡಿಗೆ ಬರುವವರು ಇಟ್ಟದ್ದು. ಭಾನುವಾರ ಬೆಳಗಾದರೆ ಮೌಂಟನ್ ಬೈಕ್ ಹತ್ತಿ ಊರಾಚೆಯ ಗುಡ್ಡಕ್ಕೆ ಹೊರಟುಬಿಡುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಬಿದ್ದವಳಲ್ಲ. ಹಾಗಿದ್ದವಳು, ತಮ್ಮನ ಅಂಗಡಿಯಿಂದ ಸೈಕಲ್ ಸರ್ವಿಸ್ ಆಗಿ ಬಂದ ಮೇಲಿನ ಮೊದಲ ಭಾನುವಾರವೇ, ಕಣ್ಣು ಮುಚ್ಚಿಕೊಂಡು ಇಳಿಯಬಲ್ಲ ಇಳಿಜಾರಿನಲ್ಲಿ ಮುಗ್ಗರಿಸಿದಳು. ಮರದ ಬೇರೊಂದನ್ನು ದಾಟುವಾಗ ಮುಂಭಾಗ ಧಡಕ್ಕನೆ ಕುಸಿಯಿತು. ಹ್ಯಾಂಡಲ್ ಮೇಲಿಂದ ಹಾರಿ ಬಿದ್ದು ಎಡ ಕೊರಳೆಲುಬು ಮುರಿಯಿತು.

“ಈ ವಯಸ್ಸಲ್ಲಿ ಇವಳಿಗೆ ಯಾಕೆ ಬೇಕಿತ್ತು ಇದೆಲ್ಲ?” ಎಂದು ಅಮ್ಮ ನೆಂಟರಿಗೆಲ್ಲ ಫೋನು ಹಚ್ಚಿ ಹೇಳಿದಳು. ಗಂಡ ಸೈಕಲ್ಲನ್ನು ಹಿಂದಿನ ಕೋಣೆಗೆ ಸಾಗಿಸಿ ಹಳೆಯ ಚಾದರ ಹೊದಿಸಿದ. ತಮ್ಮನಂತೂ ಆಸ್ಪತ್ರೆಗೆ ಬಂದು, ಮಂಚದ ಅಂಚಿನಲ್ಲಿ ಕೂತು, “ಬ್ಯಾಲೆನ್ಸ್ ಮೊದಲಿನ ಹಾಗಿರಲ್ಲಕ್ಕ. ಎಲ್ಲರಿಗೂ ಆಗೋದೇ. ಬೇಜಾರು ಮಾಡ್ಕೋಬೇಡ,” ಎಂದಿದ್ದ. ಸೈಕಲ್ ವಿಷಯ ಅರೆದು ಕುಡಿದವನ ಮಾತು; ಅವಳು ಅರ್ಧ ನಂಬಿಯೂ ಬಿಟ್ಟಳು. ಕೆಲಸದ ಮೇಜಿನ ದೀಪಕ್ಕೆ ಕೈ ಹಿಡಿದು, ಬೆರಳು ನಡುಗುತ್ತಿವೆಯೇ ಎಂದು ಕದ್ದು ನೋಡಿಕೊಳ್ಳುವ ಮಟ್ಟಕ್ಕೆ ಬಂದಳು.

ಆರು ವಾರ ಕಳೆದು ಕೈಯ ಜೋಳಿಗೆ ಬಿಚ್ಚಿದ ಮೇಲೆ, ಸೈಕಲ್ಲನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದೇ ಚಾದರ ಸರಿಸಿದಳು. ಧೂಳು ಒರೆಸುತ್ತ ಹ್ಯಾಂಡಲ್ ಒತ್ತಿದರೆ, ಮುಂದಿನ ಚಕ್ರವನ್ನು ಹಿಡಿದಿರುವ ಎರಡು ಕಾಲಿನ ಫೋರ್ಕು ಯಾವ ಮುಲಾಜೂ ಇಲ್ಲದೆ ತಳಕ್ಕಿಳಿದು ಟಪ್ಪನೆ ಮೇಲೆ ನೆಗೆಯಿತು. ಅದರ ಬಿಗಿ ಹೆಚ್ಚುಕಡಿಮೆ ಮಾಡುವ, ಮೇಲಿದ್ದ ನೀಲಿ ಗುಂಡಿಯನ್ನು ಆ ಕಡೆ ತಿರುಗಿಸಿದಳು, ಈ ಕಡೆ ತಿರುಗಿಸಿದಳು. ವ್ಯತ್ಯಾಸವೇ ಇಲ್ಲ.

ಅಂದೇ ಮಧ್ಯಾಹ್ನ ಫೋರ್ಕನ್ನು ಬಿಚ್ಚಿ ತನ್ನ ಕೆಲಸದ ಮೇಜಿಗೆ ಏರಿಸಿದಳು. ಎಡಗಾಲಿನ ಗಾಳಿ ಬಿಟ್ಟು, ತಳದ ಎರಡು ಬೋಲ್ಟು ಸಡಿಲಿಸಿ, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೆಳಗಿನ ಕೊಳವೆಗಳನ್ನು ಎಳೆದಳು. ತಟ್ಟೆಗೆ ಇಳಿದ ಎಣ್ಣೆ ತಿಳಿಯಾಗಿತ್ತು. ಸೀಲುಗಳು ಹೊಸವು. ಅಷ್ಟರ ಮಟ್ಟಿಗೆ ಸರ್ವಿಸ್ ಅಚ್ಚುಕಟ್ಟು.

ಆಮೇಲೆ ಬಲಗಾಲು. ಎಡಗಾಲಿನ ಗಾಳಿ ಸೈಕಲ್ಲನ್ನು ಮೇಲೆತ್ತಿದರೆ, ಬಲಗಾಲಿನ ಡ್ಯಾಂಪರ್ ಆ ಏರಿಳಿತಕ್ಕೆ ಲಗಾಮು ಹಾಕುತ್ತದೆ. ಫೋರ್ಕಿನ ಜೊತೆ ಬಂದಿದ್ದ ಸಾಧಾರಣ ಡ್ಯಾಂಪರನ್ನು ತೆಗೆಸಿ, ಹಿಂದಿನ ವರ್ಷವಷ್ಟೇ ಒಳ್ಳೆಯದೊಂದನ್ನು ತರಿಸಿ ಹಾಕಿದ್ದಳು. ಹಲ್ಲು ಕೊರೆಯುವ ಸೂಜಿಯಿಂದ ಅದರ ಉಕ್ಕಿನ ಕಡ್ಡಿಯ ಮೇಲೆ ಪುಟ್ಟದೊಂದು ದವಡೆ ಹಲ್ಲಿನ ಗುರುತೂ ಕೆತ್ತಿದ್ದಳು. ಈಗ ಹೊರಬಂದದ್ದು ಬೂದು ಬಣ್ಣದ, ಸವೆದ ಪ್ಲಾಸ್ಟಿಕ್ ಕಡ್ಡಿ. ಅವಳೇ ಬೇಡವೆಂದು ತಮ್ಮನ ಅಂಗಡಿಯಲ್ಲಿ ಬಿಟ್ಟು ಬಂದಿದ್ದ ಹಳೆಯದು! ಹೊರಗಿನಿಂದ ಗೊತ್ತಾಗದಂತೆ ಅದರ ತಲೆಗೆ ಹೊಸದರ ನೀಲಿ ಗುಂಡಿ ಕೂರಿಸಲಾಗಿತ್ತು.

“ಸ್ವಂತ ಅಕ್ಕನಿಗೇ ಟೋಪಿ ಹಾಕಿದಾನೆ,” ಎಂದಳು, ಖಾಲಿ ಕೋಣೆಗೆ. ಅವಳ ಪಿತ್ತ ನೆತ್ತಿಗೇರಿತು.

ಅಂಗಡಿಯಲ್ಲಿ ತಮ್ಮ, ಎದುರಿಗೇ ನಿಂತಿದ್ದ ಗಿರಾಕಿಯೊಬ್ಬರ ಸೈಕಲ್ಲಿಗೆ ಚೈನು ಹಾಕುತ್ತಿದ್ದ. ಹಲ್ಲಕ್ಕ ಎಣ್ಣೆ ಸುರಿಯುತ್ತಿದ್ದ ಡ್ಯಾಂಪರನ್ನು ಅವನ ಮುಂದೆ ಕುಕ್ಕಿದಳು. ಅವನ ಮುಖ ಹುಳ್ಳಗಾಯಿತು.

“ಒಳಗೆ ಕೂತು ಮಾತಾಡೋಣ ಬಾ ಅಕ್ಕ.”

“ಇಲ್ಲೇ ಹೇಳು.”

“ರೇಸ್ ಇತ್ತು. ಇಬ್ಬರದೂ ಒಂದೇ ಥರದ ಫೋರ್ಕು ನೋಡು... ನನ್ನ ಡ್ಯಾಂಪರ್ ಸೋರ್ತಾ ಇತ್ತು, ನಿಂದು ಹಾಕ್ಕೊಂಡೆ. ನೀನು ಸುಮ್ನೆ ಭಾನುವಾರ ಓಡಿಸೋಳು. ನಿಂಗೆ ಗೊತ್ತಾಗಲ್ಲ ಅಂದ್ಕೊಂಡೆ.”

“ನಂಗೆ ಗೊತ್ತಾಗ್ಲಿಲ್ಲ ಕಣೋ. ಮೂಳೆಗೆ ಗೊತ್ತಾಯ್ತು! ಕೇಳಿದ್ರೆ ಕೊಡ್ತಿರ್ಲಿಲ್ವಾ ನಾನು?”

“ಕೊಡ್ತಿದ್ದೆ ನೀನು.”

“ಆಸ್ಪತ್ರೆಗೆ ಬಂದು ಬ್ಯಾಲೆನ್ಸು ಅದೂ ಇದೂ ಅಂದ್ಯಲ್ಲ, ಆಗ್ಲೇ ಗೊತ್ತಿತ್ತು ತಾನೇ ನಿಂಗೆ?”

ತಮ್ಮ ಚೈನಿನ ಕೊಂಡಿಗಳನ್ನು ನೋಡತೊಡಗಿದ.

“ನಾನು ನಾಳೆ ಬರ್ತೀನಿ,” ಎಂದು ಗಿರಾಕಿ ಮೆಲ್ಲಗೆ ಜಾಗ ಖಾಲಿ ಮಾಡಲು ನೋಡಿದರು.

“ಬನ್ನಿ. ಅದಕ್ಕೆ ಮೊದಲು ನಿಮ್ಮ ಸೈಕಲ್ಲಲ್ಲಿರೋದೆಲ್ಲ ನಿಮ್ಮದೇನಾ ಅಂತ ನೋಡ್ಕೊಂಡು ಹೋಗಿ,” ಎಂದಳು ಹಲ್ಲಕ್ಕ. ಅವರು ನಿಜಕ್ಕೂ ಬಗ್ಗಿ ನೋಡಿದರು.

ಗೋಡೆಗೆ ತೂಗುಹಾಕಿದ್ದ ತನ್ನ ರೇಸ್ ಸೈಕಲ್ಲನ್ನು ಇಳಿಸಿ, ಅವಳೆದುರೇ ಅವನು ಫೋರ್ಕು ಬಿಚ್ಚಬೇಕಾಯಿತು. ಎಣ್ಣೆ ಒರೆಸಿದಾಗ ಡ್ಯಾಂಪರಿನ ಉಕ್ಕಿನ ಕಡ್ಡಿಯ ಮೇಲೆ ದವಡೆ ಹಲ್ಲು ಕಂಡಿತು. ಅವಳು ಅದನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಇಲ್ಲಿಗೆ ಮುಗಿಯಿತೆಂದು ತಮ್ಮ ಸಲಕರಣೆ ಎತ್ತಿಡತೊಡಗಿದ.

“ಇನ್ನೂ ಮುಗೀಲಿಲ್ಲ. ಅಮ್ಮಂಗೆ ಫೋನ್ ಮಾಡು.”

“ಅಮ್ಮಂಗ್ಯಾಕೆ ಅಕ್ಕ?”

“ಸಾಮಾನು ವಾಪಸ್ ಬಂತು. ನೀವೆಲ್ಲ ಆಡಿದ ಮಾತು ವಾಪಸ್ ಬರ್ಬೇಕಲ್ಲ?”

ಅವನು ಫೋನನ್ನು ಸ್ಪೀಕರಿಗೆ ಹಾಕಿ ಏನೋ ಗೊಣಗಿದ. ಅಮ್ಮನಿಗೆ ಅರ್ಥವಾಗಲಿಲ್ಲ. “ಜೋರಾಗಿ ಹೇಳು,” ಎಂದಳು ಅಕ್ಕ. ಎರಡನೆಯ ಸಲ, ಬಿಡಿಸಿ ಹೇಳಿದ.

“ಹಾಗಾದ್ರೆ ಅವಳಾಗೇ ಬಿದ್ದಿದ್ದಲ್ವಾ?” ಎಂದಳು ಅಮ್ಮ.

“ಅಲ್ಲಮ್ಮ. ತಪ್ಪು ನಂದು.”

“ಆಯ್ತು ಬಿಡಿ. ಒಡಹುಟ್ಟಿದೋರು, ಇದನ್ನ ದೊಡ್ಡದು ಮಾಡ್ಬೇಡಿ.”

“ನಾನು ಬಿದ್ದಾಗ ಊರಿಗೆಲ್ಲ ಫೋನ್ ಮಾಡಿ ದೊಡ್ಡದು ಮಾಡಿದ್ದು ಯಾರಮ್ಮಾ?” ಹಲ್ಲಕ್ಕ ಫೋನಿಗೆ ಬಗ್ಗಿ ಕೇಳಿದಳು. “ಅವರಿಗೆಲ್ಲ ಇದನ್ನೂ ಹೇಳು.”

“ಒಲೆ ಮೇಲೆ ಹಾಲಿಟ್ಟಿದೀನಿ,” ಎಂದು ಅಮ್ಮ ಫೋನಿಟ್ಟಳು.

ಹೊರಡುವಾಗ ತಮ್ಮ ಬಾಗಿಲವರೆಗೆ ಬಂದ. “ಕೊಡಕ್ಕ, ನಾನೇ ಹಾಕಿಕೊಡ್ತೀನಿ.”

“ಮುಟ್ಟಬೇಡ.”

ಮರುದಿನ ಅವಳೇ ಕೂತು ಜೋಡಿಸಿದಳು. ಗಂಡ ಬಾಗಿಲಲ್ಲಿ ನಿಂತು ನೋಡಿದ. ಕೊನೆಗೆ ಒಳಬಂದು, ಕೇಳದೆಯೇ ಫೋರ್ಕನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿದುಕೊಂಡ. “ನಾನೂ ನಿಂಗೆ ವಯಸ್ಸಾಯ್ತು ಅಂತಾನೇ ಅಂದ್ಕೊಂಡಿದ್ದೆ ಕಣೆ,” ಎಂದ. “ಗೊತ್ತು. ಗಟ್ಟಿಯಾಗಿ ಹಿಡ್ಕೊಳ್ಳಿ,” ಎಂದು ಅವಳು ಬೋಲ್ಟು ಬಿಗಿದಳು.

ವೈದ್ಯರು ಒಪ್ಪಿದ ಮೇಲೆ ಅದೇ ಇಳಿಜಾರಿಗೆ ಹೋದಳು. ಬೇರಿನ ಮೇಲೆ ಮುಂಭಾಗ ಹದವಾಗಿ ತಗ್ಗಿ, ಹದವಾಗಿ ಎದ್ದಿತು. ಖುಷಿಯಾಗಬೇಕಿತ್ತು; ಆದರೆ ಇಳಿಜಾರು ಮುಗಿಯುವವರೆಗೂ ಅವಳು ತಮ್ಮನನ್ನು ಬೈಯುತ್ತಲೇ ಇದ್ದಳು.

ಅವನ ಜೊತೆ ಮಾತು ಬಿಟ್ಟಿಲ್ಲ, ಮನೆಗೆ ಬಂದರೆ ಊಟಕ್ಕೂ ಹಾಕುತ್ತಾಳೆ. ಸೈಕಲ್ಲನ್ನು ಮಾತ್ರ ಆ ಅಂಗಡಿಯ ಮೆಟ್ಟಿಲು ಹತ್ತಿಸಿಲ್ಲ. ವರ್ಷಕ್ಕೆರಡು ಸಲ ತಾನೇ ಬಿಚ್ಚಿ, ತಾನೇ ಎಣ್ಣೆ ಬದಲಿಸುತ್ತಾಳೆ.