ಕೇಬಲ್ಲಿನ ಎರಡು ತುದಿ

ಅಪ್ಪ ಬಾಯಿ ಮುಚ್ಚಿ ನಾಲ್ಕು ದಿನವಾಗಿತ್ತು. ಮಾತು ಎಂಟು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದಾಗಲೇ ಹೋಗಿತ್ತು, ಬಲಗೈ ಬಲಗಾಲಿನ ಜೊತೆಗೆ. ಈಗ ಗಂಜಿಗೂ ಬಾಯಿ ತೆರೆಯುತ್ತಿರಲಿಲ್ಲ. "ನಾಳೆ ಸಂಜೆ ಐದಕ್ಕೆ ಬರ್ತೀನಿ. ಅಷ್ಟರೊಳಗೆ ನಾಲ್ಕು ಚಮಚ ಇಳೀದಿದ್ರೆ ಮೂಗಿಗೆ ನಳಿಕೆ ಹಾಕೋದೇ," ಎಂದು ಡಾಕ್ಟರು ಹಿಂದಿನ ದಿನ ಖಡಾಖಂಡಿತವಾಗಿ ಹೇಳಿ ಹೋಗಿದ್ದರು.

ಅಪ್ಪನ ನಾಲಿಗೆಯಲ್ಲಿ ಉಳಿದದ್ದು ಒಂದೇ ಮಾತು: "ಉಲ್ಟಾ." ನೀರು ಕುಡಿಸಿದರೆ ಉಲ್ಟಾ, ಬಟ್ಟೆ ಬದಲಿಸಿದರೆ ಉಲ್ಟಾ. ಮೂವತ್ತೈದು ವರ್ಷ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವನು. ಒಮ್ಮೆ, ಒಂದೇ ಒಮ್ಮೆ, ರೀಲನ್ನು ತಲೆಕೆಳಗಾಗಿ ಹಾಕಿ ಇಡೀ ಟಾಕೀಸಿನ ಬೈಗುಳ ತಿಂದಿದ್ದ. ಪಾಪ, ತಲೆ ಅಲ್ಲೇ ಸಿಕ್ಕಿಕೊಂಡಿದೆ ಎಂದು ಮನೆಯವರು ತೀರ್ಮಾನ ಮಾಡಿಬಿಟ್ಟರು. ಮನೆಯವರ ತೀರ್ಮಾನಗಳೇ ಹಾಗೆ, ರೋಗಿಯೊಬ್ಬನನ್ನು ಬಿಟ್ಟು ಉಳಿದವರನ್ನೆಲ್ಲ ಕೇಳಿ ಆಗುತ್ತವೆ.

ಬೀಳದಿರಲೆಂದು ಅವನ ಮಂಚವನ್ನು ಗೋಡೆಗೆ ಒತ್ತಿ ಹಾಕಿದ್ದರು. ಕುತ್ತಿಗೆ ಸದಾ ಎಡಕ್ಕೇ, ಗೋಡೆಯ ಕಡೆಗೇ, ಹೊರಳಿರುತ್ತಿತ್ತು. ಗದ್ದ ಹಿಡಿದು ತಿರುಗಿಸಿ ಉಣಿಸಬೇಕಿತ್ತು.

ಮಗ ದರ್ಜಿ. ಮನೆಯಲ್ಲೇ ಸಿನಿಮಾ ಹಾಕಿದರೆ ಅಪ್ಪನ ಕುತ್ತಿಗೆ ತಾನಾಗಿ ಇತ್ತ ತಿರುಗೀತು, ಬದುಕುವ ಆಸೆ ಬಂದೀತು, ಗಂಜಿ ಇಳಿದೀತು ಎಂದು ಅವನು ಗಟ್ಟಿಯಾಗಿ ನಂಬಿದ್ದ. ನಂಬದೆ ಬೇರೆ ದಾರಿಯೂ ಇರಲಿಲ್ಲ. ಅಪ್ಪ ಗಂಜಿ ಬಿಟ್ಟ ದಿನವೇ ದೊಡ್ಡ ಟಿವಿ ತಂದ, ಸಿನಿಮಾ ಹಾಕುವ ಪ್ಲೇಯರನ್ನೂ ಸ್ಪೀಕರುಗಳನ್ನೂ ತಂದ. ಆಮೇಲೆ ಪ್ಲೇಯರಿನಿಂದ ಟಿವಿಗೆ ಎಳೆಯುವ ಕೇಬಲ್ಲಿಗಾಗಿ ಎರಡು ದಿನ ಅಂಗಡಿಯ ಕಟ್ಟೆ ಸವೆಸಿದ. ದಪ್ಪದ್ದು, ತೆಳುವಿನದು, ತುದಿಗೆ ಚಿನ್ನದ ಲೇಪದ್ದು, ಜಡೆ ಹೆಣೆದಂಥದ್ದು.

"ಹದಿನೈದು ಮೀಟರಿಗೆ ತಾಮ್ರದ್ದು ಬೇಡ ಸಾರ್, ಚಿತ್ರ ಬಿಟ್ಟುಬಿಟ್ಟು ಬರತ್ತೆ. ಒಳಗೆ ಗಾಜಿನ ಎಳೆ ಇರೋದು ತಗೊಳ್ಳಿ," ಎಂದ ಅಂಗಡಿಯವನು.

ದರ್ಜಿ ಅದನ್ನು ಬೆರಳಲ್ಲಿ ಉಜ್ಜಿದ, ಬಗ್ಗಿಸಿದ, ಮೂಸಿಯೂ ನೋಡಿದ. ತುದಿಯಲ್ಲಿ ಏನು ಗುರುತಿದೆ ಎಂದು ಮಾತ್ರ ನೋಡಲಿಲ್ಲ. ಹೊಲಿಗೆ ಹೊರಗೆ ಕಾಣಬಾರದೆಂಬುದು ಅವನ ಕಸುಬಿನ ಹಟ. ಗೋಡೆ ಕೊರೆಸಿ, ಬಾಗಿಲ ಚೌಕಟ್ಟಿನ ಮೇಲಿಂದ ಸುತ್ತಿಸಿ, ಕೇಬಲ್ ಹುದುಗಿಸಿ ಸಿಮೆಂಟು ಮೆತ್ತಿಸಿದ. ಆಪರೇಟರ್ ಪಕ್ಕದಲ್ಲೇ ಯಂತ್ರವಿರಲೆಂದು ಅಪ್ಪನ ತಲೆಯ ಕಡೆ ಪ್ಲೇಯರು, ಕಾಲಿನ ಕಡೆ ಮೇಜಿನ ಮೇಲೆ ಟಿವಿ.

ಡಾಕ್ಟರು ಬರಬೇಕಿದ್ದ ದಿನ ಮಧ್ಯಾಹ್ನ ಮೂರಕ್ಕೆ ಸ್ವಿಚ್ ಒತ್ತಿದ. ಪ್ಲೇಯರಿಗೇ ಜೋಡಿಸಿದ್ದ ಸ್ಪೀಕರುಗಳಿಂದ ಕಿಟಕಿಯ ಗಾಜು ಅದುರುವಂತೆ ಸದ್ದು ಬಂತು. ಚಿತ್ರ ಬರಲಿಲ್ಲ. ಕೇಬಲ್ಲಿನ ತುದಿ ಕಳಚಿ ಮತ್ತೆ ಸಿಕ್ಕಿಸಿದ, ಊದಿ ಸಿಕ್ಕಿಸಿದ, ಟಿವಿಯ ಬೆನ್ನಿಗೆ ತಟ್ಟಿದ. ಕಪ್ಪು ಅಂದರೆ ಕಪ್ಪು.

"ಉಲ್ಟಾ," ಎಂದ ಅಪ್ಪ, ಗೋಡೆಯ ಕಡೆಯಿಂದ.

"ನೀನು ಸ್ವಲ್ಪ ಸುಮ್ನಿರಪ್ಪ!" ಎಂದು ಗದರಿದವನಿಗೆ ಮರುಕ್ಷಣವೇ ಅಳು ಒತ್ತರಿಸಿ ಬಂತು.

ಅಂಗಡಿಗೆ ಅಂದು ವಾರದ ರಜೆ. ಆರನೇ ಸಲಕ್ಕೆ ಅಂಗಡಿಯವನು ಫೋನ್ ಎತ್ತಿದ. "ಯಾವ ತುದಿ ಎಲ್ಲಿ ಹಾಕಿದ್ರಿ? ಒಂದರ ಮೇಲೆ ಟಿವಿ ಚಿತ್ರ ಇರತ್ತಲ್ಲ, ಅದು ಟಿವಿಗೇ ಹೋಗ್ಬೇಕು. ಈ ಕೇಬಲ್ಲು ಒಮ್ಮುಖ ಸಾರ್, ವಾಪಸ್ ಹರಿಯಲ್ಲ."

ದರ್ಜಿ ಬಗ್ಗಿ ನೋಡಿದ. ಟಿವಿಯ ಚಿತ್ರ ಅಪ್ಪನ ತಲೆಯ ಹತ್ತಿರದ ತುದಿಯಲ್ಲಿತ್ತು. ಬಟ್ಟೆಯ ಒಳಮೈ ಹೊರಮೈಯನ್ನು ಕತ್ತಲಲ್ಲೂ ಬೆರಳಲ್ಲೇ ಹೇಳುವವನು! ಗಂಟೆ ಮೂರೂಮುಕ್ಕಾಲು. ಗೋಡೆ ಒಡೆಯಲು ಹೊತ್ತಿಲ್ಲ, ಬೇರೆ ಕೇಬಲ್ ತರಲು ಅಂಗಡಿಯಿಲ್ಲ.

"ನಳಿಕೆ ಬೇಡ ಕಣೋ. ಹಾಕಿಸ್ಕೊಂಡೋರು ಮತ್ತೆ ಬಾಯಲ್ಲಿ ತಿಂದಿದ್ದು ನಾನು ಕಂಡಿಲ್ಲ," ಎಂದು ಅಮ್ಮ ಬಾಗಿಲಲ್ಲೇ ನಿಂತು ಸೆರಗು ಹಿಂಡುತ್ತಿದ್ದಳು.

"ಕೇಬಲ್ ತಿರುಗಲ್ಲ ಅಂದ್ರೆ ನಾವೇ ತಿರುಗೋಣ," ಎಂದ ದರ್ಜಿ. ಟಿವಿಯನ್ನು ತಲೆಯ ಕಡೆ ತಂದ, ಪ್ಲೇಯರನ್ನು ಕಾಲಿನ ಕಡೆ ಒಯ್ದ. ಇನ್ನು ಅಪ್ಪನಿಗೆ ಕಾಣಬೇಕಾದರೆ ದಿಂಬು ಆಚೆ ತುದಿಗೆ ಹೋಗಬೇಕು. ಅಮ್ಮ ಕಾಲು ಹಿಡಿದಳು, ಅವನು ಕಂಕುಳಿಗೆ ಕೈಕೊಟ್ಟ. ಅಪ್ಪನನ್ನು ಹಾಸಿಗೆಯ ಮೇಲೇ ಸುತ್ತಿಸಿ, ತಲೆ ಇದ್ದಲ್ಲಿಗೆ ಕಾಲು ಮಾಡಿ ಮಲಗಿಸಿದರು. ಸ್ವಿಚ್ ಒತ್ತಿದರೆ ಟಿವಿಯಲ್ಲಿ ಚಿತ್ರ ಝಗ್ಗನೆ ಬೆಳಗಿತು.

ಅಪ್ಪ ಅದನ್ನು ನೋಡಲೇ ಇಲ್ಲ. ಕುತ್ತಿಗೆ ಎಂದಿನಂತೆ ಎಡಕ್ಕೇ ಹೊರಳಿತು.

ದರ್ಜಿ ಕೈಚೆಲ್ಲಿ ನೆಲದ ಮೇಲೆ ಕುಸಿದ. ಮುಗಿಯಿತು. ಅಮ್ಮ ಕಣ್ಣೊರೆಸಿಕೊಂಡು ತೆರೆದ ಬಾಗಿಲಾಚೆಯ ಅಡುಗೆಮನೆಗೆ ಹೋಗಿ ಗಂಜಿ ಬಿಸಿಗಿಟ್ಟಳು, ಸೌಟು ತಿರುಗಿಸಿದಳು, ಬಟ್ಟಲು ತೊಳೆದಳು. ಅಪ್ಪನ ಕಣ್ಣು ಅವಳ ಹಿಂದೆಯೇ ಓಡಾಡುತ್ತಿತ್ತು. ಒಲೆಗೆ ಹೋದರೆ ಒಲೆಗೆ, ನಲ್ಲಿಗೆ ಹೋದರೆ ನಲ್ಲಿಗೆ. ಈಗ ಅವನ ಎಡಕ್ಕಿದ್ದುದು ಗೋಡೆಯಲ್ಲ, ಇಡೀ ಮನೆ.

ಅಮ್ಮ ಬಟ್ಟಲು ಹಿಡಿದು ಬಂದಳು. ಗದ್ದ ತಿರುಗಿಸಬೇಕಾಗಲಿಲ್ಲ. ಅವಳ ಮುಖವನ್ನೇ ನೋಡುತ್ತ ಅಪ್ಪ ಬಾಯಿ ತೆರೆದ. ಒಂದು ಚಮಚ, ಇನ್ನೊಂದು. ಉಲ್ಟಾ ಎನ್ನಲಿಲ್ಲ.

ಐದನೆಯದು ಇಳಿದಾಗ ಅಮ್ಮ ಚಮಚವನ್ನು ಬಟ್ಟಲಿಗಿಟ್ಟು ಮಗನ ಕಡೆ ತಿರುಗಿದಳು. "ಎಂಟು ತಿಂಗಳು ಕಣೋ. ದಿನಾ ಹೇಳ್ತಾನೇ ಇದ್ರಲ್ಲೋ!"

ದರ್ಜಿ ಮಂಚದ ಆಚೆ ತುದಿಗೆ ಬಗ್ಗಿ ನೋಡಿದ. ದಿಂಬು ತೆಗೆದ ಜಾಗದಲ್ಲಿ, ಗೋಡೆಯ ಮೇಲೆ, ಅಪ್ಪನ ಬಾಯಿಯ ಎತ್ತರಕ್ಕೆ, ಉಸಿರು ತಾಗಿ ತಾಗಿ ಸುಣ್ಣ ಉದುರಿದ ಅಂಗೈಯಗಲದ ಗುರುತಿತ್ತು.